ಹೊಸ ಸೆಟ್ ಅಂದರಲ್ಲ, ನಂಬರ್ ಓದಿ ಹೇಳಿ

ರಾತ್ರಿ ಹನ್ನೊಂದೂವರೆ. ಮೂರು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ಗೇರ್ ಆಯಿಲ್ ವಾಸನೆ ಹೋಗಿಲ್ಲ. ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಮೇಸ್ತ್ರಿಯ ಮಾತೇ ಕಿವಿಯಲ್ಲಿ ಕೇಳುತ್ತದೆ. "ಕಾಕಾ, ನಿಮ್ಮ ಮಗನ ಶೋಕಿ ನೋಡ್ರಿ."

ಶೋಕಿಯಂತೆ! ಜೀಪಿನ ರಿಪೇರಿಗೆ 24,000 ರೂಪಾಯಿ ಎಣಿಸಿ ಕೊಟ್ಟು 22 ದಿನ ಆಗಿದೆ. ಆಗ ರಿಪೇರಿ ಮಾಡಿಸಿದ್ದ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಮುಟ್ಟಿಸುವ ಗೇರ್ ಜೋಡಣೆ, ಮತ್ತೆ ಹೋಯಿತು. ಆಳಂದ ರಸ್ತೆಯಲ್ಲಿ, ತೊಗರಿ ಬೀಜ, ಗೊಬ್ಬರದ ಚೀಲ ಹೇರಿಕೊಂಡು ಹೋಗುವಾಗ. ಜೀಪಿನ ಹಿಂದೆ ಯಾರೋ ಸುತ್ತಿಗೆಯಿಂದ ಕಬ್ಬಿಣ ಹೊಡೆದಂಥ ಸದ್ದು. ಆಮೇಲೆ ಎಂಜಿನ್ ಓಡುತ್ತಿದೆ, ಎಂಜಿನ್ ಕಡೆಯಿಂದ ಹಿಂದಕ್ಕೆ ಬರುವ ಜಾಯಿಂಟ್ ಶಾಫ್ಟ್ ತಿರುಗುತ್ತಿದೆ, ಗಾಲಿ ಮಾತ್ರ ನಿಂತಲ್ಲೇ. ಮೋಡ ಕವಿದಿತ್ತು. ಗೊಬ್ಬರ ನೆನೆಯುತ್ತದೆ ಅಂತ ಅಪ್ಪ ತಾಡಪತ್ರಿ ಎಳೆಯುತ್ತಿದ್ದರು. ಯಾರದೋ ಟ್ರ್ಯಾಕ್ಟರಿಗೆ ಟೋಚನ್ ಹಾಕಿ ಎಳೆದುಕೊಂಡು ಬಂದೆವು. ಕಟ್ಟಿದವರೇ ನೋಡಲಿ ಅಂತ ಅದೇ ರಿಂಗ್ ರೋಡಿನ ಗ್ಯಾರೇಜಿಗೆ ಒಯ್ದೆವು.

ಬಿಚ್ಚಿದಾಗ ಟ್ರೇಗೆ ಇಳಿದ ಆಯಿಲ್ ನೋಡಬೇಕಿತ್ತು ನೀವು. ಜೇನಿನ ಬಣ್ಣ ಇರಬೇಕಾದ್ದು ಬೆಳ್ಳಿ ಪುಡಿ ಕಲಸಿದಂಗೆ ಮಿಂಚುತ್ತಿತ್ತು. ಅದರ ತಳದಲ್ಲಿ ಕ್ರೌನಿನ, ಅಂದರೆ ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರದ, ಮೂರು ಹಲ್ಲು. ಒಂದನ್ನು ಎತ್ತಿಕೊಂಡೆ. ಗೋಡಂಬಿಯಷ್ಟು ದೊಡ್ಡದು, ಮುರಿದ ಕಡೆ ಸಕ್ಕರೆ ಹರಳಿನಂಗೆ ಬೂದು ಬಣ್ಣ.

ಆಗ ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೇಸ್ತ್ರಿ, ಕ್ರೌನ್ ಕೂಡಿಸುವಾಗ ಬ್ಯಾಕ್‌ಲ್ಯಾಶ್ ಎಷ್ಟು ಇಟ್ಟಿದ್ರಿ?"

ಬ್ಯಾಕ್‌ಲ್ಯಾಶ್ ಅಂದರೆ ಒಂದಕ್ಕೊಂದು ಕೂಡುವ ಹಲ್ಲುಗಳ ನಡುವೆ ಬಿಡುವ ಸಡಿಲ. ಕೇಳಿದ್ದು ಇಷ್ಟೇ. ದನಿ ಏರಿಸಿಲ್ಲ. ಬೈದಿಲ್ಲ. ಅವನು ಪಾನಾ ಕೆಳಗಿಟ್ಟ. ನನಗೆ ಉತ್ತರ ಕೊಡಲಿಲ್ಲ, ನನ್ನ ಮುಖ ಕೂಡ ನೋಡಲಿಲ್ಲ. ಅಪ್ಪ ಒಂದು ಹಳೆ ಟೈರಿನ ಮೇಲೆ ಕೂತಿದ್ದರು. ಸೀದಾ ಅವರ ಕಡೆ ತಿರುಗಿದ. ಚಪ್ಪಲಿ ಕಾಲಿನಿಂದ ನನ್ನ ಗಾಡಿಯ ಟೈರಿಗೆ ಒದ್ದ. "ಕಾಕಾ, ನಿಮ್ಮ ಮಗನ ಶೋಕಿ ನೋಡ್ರಿ. ಇಂಥಾ ಗಾಲಿ ಹಾಕ್ಸಿದ್ರ ಯಾವ ಕ್ರೌನ್ ಉಳಿತದ್ರಿ? ಮ್ಯಾಲ ಮೊಬೈಲ್‌ದಾಗ ನೋಡಿ ಬಂದು ನನಗ ಕೆಲಸ ಕಲಿಸ್ಲಾಕತ್ಯಾನ."

ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ನಕ್ಕರು. ಏಳೆಂಟು ಜನ ಇದ್ದರು. ಒಬ್ಬ ಎದ್ದು ಬಂದು ಟೈರಿನ ಸುತ್ತ ಒಂದು ಸುತ್ತು ಹಾಕಿ "ಹೀರೋ" ಅಂದ. ಮತ್ತೆ ನಕ್ಕರು. ನನ್ನ ಕೈಯಲ್ಲಿ ಆ ಮುರಿದ ಹಲ್ಲು ಹಂಗೇ ಇತ್ತು. ನನಗೆ 34 ವರ್ಷ. ಅಪ್ಪನ ಎದುರಿಗೆ ಹಂಗೆ ನಿಂತದ್ದು ಶಾಲೆ ಬಿಟ್ಟ ಮೇಲೆ ಇದೇ ಮೊದಲು.

ಅಪ್ಪ ಎದ್ದರು. ಧೋತರ ಝಾಡಿಸಿಕೊಂಡರು. "ಬಿಚ್ಚಿದ್ದಕ್ಕ ಎಷ್ಟಾತ್ರಿ?" ಅಂತ ಕೇಳಿದರು. ಅವನು 2,500 ಅಂದ. ಅಪ್ಪ ಒಳಜೇಬಿನಿಂದ ದುಡ್ಡು ತೆಗೆದು ಎಣಿಸಿ ಕೊಟ್ಟರು. ಅದು ಕೂಲಿಯವರಿಗೆ ಅಂತ ಎತ್ತಿಟ್ಟ ದುಡ್ಡು. "ನಡಿ ತಮ್ಮಾ" ಅಂದರು. ನಾನು ನಡೆದೆ.

ಯಾಕೆ ನಡೆದೆ? ಅದನ್ನೇ ರಾತ್ರಿಯಿಡೀ ಯೋಚಿಸುತ್ತಿದ್ದೇನೆ.

ಸರಿ, ಟೈರಿನ ವಿಷಯ. ಹಳೇ ಸಣ್ಣ ಟೈರ್ ತೆಗೆದು 31 ಇಂಚಿನವು ಹಾಕಿಸಿದ್ದು ನಾನೇ. ಸ್ಪ್ರಿಂಗ್ ಪಟ್ಟಿ ಎತ್ತರಿಸಿದ್ದೂ ನಾನೇ. ನಮ್ಮ ಹೊಲದ ದಾರಿ ಪೂರ್ತಿ ಎರೆಮಣ್ಣು. ಮಳೆ ಬಿದ್ದ ಮರುದಿನ ಆ ಮಣ್ಣಿನಲ್ಲಿ ಗಾಲಿ ಹೂತರೆ ಎತ್ತು ಕಟ್ಟಿ ಎಳೆಯಬೇಕು. ಅದಕ್ಕೆ ಹಾಕಿಸಿದೆ. ನೋಡೋಕೆ ಚೆನ್ನಾಗಿದೆ ಅಂತಲೂ ಹಾಕಿಸಿದೆ, ಸುಳ್ಳು ಯಾಕೆ ಹೇಳಲಿ. ದೊಡ್ಡ ಗಾಲಿ ತಿರುಗಿಸೋಕೆ ಪಿನಿಯನ್ ಮೇಲೆ, ಅಂದರೆ ಕ್ರೌನನ್ನು ತಿರುಗಿಸುವ ಸಣ್ಣ ಹಲ್ಲುಚಕ್ರದ ಮೇಲೆ, ಭಾರ ಜಾಸ್ತಿ ಬೀಳುತ್ತದೆ, ಅದೂ ಗೊತ್ತು. ಮೊದಲನೇ ಸಲ ಹೋದದ್ದು ಅದರಿಂದಲೇ ಇರಬಹುದು. ಅದಕ್ಕೇ ಬಾಯಿ ಮುಚ್ಚಿಕೊಂಡು 24,000 ಕೊಟ್ಟೆ.

ಆದ್ರೆ ಎರಡನೇ ಸಲ? ಕಟ್ಟಿಕೊಟ್ಟ ದಿನದಿಂದಲೇ 40ರ ಸ್ಪೀಡ್ ದಾಟಿದರೆ ಸಾಕು, ಹಿಂದಿನಿಂದ ಗುಂಯ್ ಅನ್ನುತ್ತಿತ್ತು. ಎಕ್ಸಲೇಟರ್ ಬಿಟ್ಟು ಮತ್ತೆ ಒತ್ತಿದರೆ ಟಕ್ ಅಂತ ಒಂದು ಏಟು. ನಾಲ್ಕನೇ ದಿನವೇ ಹೋಗಿ ಹೇಳಿದೆ. "ಹೊಸ ಸೆಟ್ ಅದರಿ, ಓಡಿದಂಗ ಓಡಿದಂಗ ಸರಿ ಆಗ್ತದ" ಅಂದ. ತಪ್ಪು ಕೂಡಿಸಿದ ಹಲ್ಲು ಓಡಿದಂಗೆ ಸರಿಯಾಗುತ್ತದಾ? ಇನ್ನಷ್ಟು ಸವೆಯುತ್ತದೆ, ಅಷ್ಟೇ. ನಾನೂ ನಂಬಿದೆ ನೋಡಿ. ಅನುಭವದವರು ಅಂತ ನಂಬಿದೆ.

ಕಟ್ಟುವ ದಿನ ನಾನು ಅಲ್ಲೇ ಇದ್ದೆ. ಸಡಿಲ ಅಳೆಯುವ ಡಯಲ್ ಗೇಜ್ ಕಣ್ಣಿಗೆ ಬೀಳಲಿಲ್ಲ. ಕೈಯಲ್ಲಿ ಕ್ರೌನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ "ಬರೋಬ್ಬರಿ ಅದ" ಅಂದ. ಎರಡು ಹಲ್ಲಿನ ನಡುವಿನ ಸಡಿಲ ಒಂದು ಮಿಲಿಮೀಟರಿನ ನಾಲ್ಕನೇ ಒಂದು ಭಾಗದೊಳಗೆ ಇರಬೇಕು. ಅದು ಕೈಗೆ ಹೇಗೆ ತಿಳಿಯುತ್ತದೆ? ಶಿಮ್ ಅನ್ನೋ ತೆಳು ತಗಡು ಹಾಕಿ, ತೆಗೆದು, ಮತ್ತೆ ಹಾಕಿ ನೋಡಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದರೆ ಎಲ್ಲಿ ತಾಗುತ್ತದೆ ಅಂತ ಗುರುತು ಬೀಳುತ್ತದೆ. ಗುರುತು ಹಲ್ಲಿನ ನಡುವೆ ಬರಬೇಕು. ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಅವನು ಚಹಾ ಬರೋದರೊಳಗೆ ಮುಗಿಸಿದ.

ಇವತ್ತು ಮನೆಗೆ ಬಂದು, ಬಿಚ್ಚಿದ ಸಾಮಾನು ತುಂಬಿ ತಂದ ಗೋಣಿಚೀಲ ಬಿಚ್ಚಿದೆ. ಕ್ರೌನ್, ಪಿನಿಯನ್ ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಮೊಬೈಲ್ ಟಾರ್ಚಿನಲ್ಲಿ ನೋಡಿದೆ. ಉಳಿದ ಹಲ್ಲುಗಳಲ್ಲಿ ಹೊಳಪು ಇರುವುದು ಹೊರ ತುದಿಯಲ್ಲಿ ಮಾತ್ರ, ಬೆರಳಿನ ಉಗುರಿನಷ್ಟು ಅಗಲ. ನಡುಭಾಗ ಪಿನಿಯನ್ನನ್ನು ಮುಟ್ಟಿಯೇ ಇಲ್ಲ. ಅಂದರೆ ಕ್ರೌನ್ ಪಿನಿಯನ್‌ನಿಂದ ದೂರ ಕೂತಿತ್ತು. ಇಡೀ ಗಾಡಿಯ ಭಾರ ಆ ತುದಿಯ ಮೇಲೆ. ಮುರಿಯದೆ ಇನ್ನೇನಾಗುತ್ತದೆ?

ಇನ್ನೊಂದು ಕೇಳಿ. ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಕ್ರೌನ್ ಪಿನಿಯನ್ ಯಾವಾಗಲೂ ಜೋಡಿ. ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತಾರೆ. ನನ್ನದು 43 ಹಲ್ಲಿನ ಕ್ರೌನ್, 8 ಹಲ್ಲಿನ ಪಿನಿಯನ್. ಓಡುತ್ತಾ ಓಡುತ್ತಾ ಪಿನಿಯನ್ನಿನ ಒಂದೊಂದು ಹಲ್ಲೂ ಕ್ರೌನಿನ 43 ಹಲ್ಲಿಗೂ ತಾಗಿ ಬರುತ್ತದೆ. ಅದಕ್ಕೇ ಒಂದನ್ನು ಬಿಟ್ಟು ಒಂದನ್ನು ಬದಲಿಸಬಾರದು. ನನ್ನ ಕ್ರೌನ್ ಮೇಲೆ ಇರುವುದು 417. ಪಿನಿಯನ್ ಮುಖದ ಮೇಲೆ ಇರುವುದು 206.

ಮೇಸ್ತ್ರಿ, ಹೊಸ ಸೆಟ್ ಅಂತ ದುಡ್ಡು ತಗೊಂಡಿರಲ್ಲ, ಈ ಪಿನಿಯನ್ ಎಲ್ಲಿಯದು? ನನ್ನದೇ ಹಳೇದಾ? ಬೇರೆ ಯಾರ ಗಾಡಿಯದೋ? ಹಳೇ ಸಾಮಾನು ವಾಪಸ್ ಕೊಡಿ ಅಂದಾಗ "ಗುಜರಿಯವ ಒಯ್ದ" ಅಂದಿರಿ. ಯಾಕೆ? ಗೊತ್ತಿರುವವರು ಯಾರಾದ್ರೂ ಉತ್ತರ ಕೊಡಿ. ಎರಡು ಬೇರೆ ನಂಬರಿನ ಹಲ್ಲು ಕೂಡಿಸಿ ಕಟ್ಟಿದರೆ, ಟೈರ್ ಸಣ್ಣದಿದ್ದರೂ ಅದು ಬಾಳುತ್ತಿತ್ತಾ? ಇಡೀ ಕಲಬುರಗಿಯಲ್ಲಿ ಗೇಜ್ ಇಟ್ಟು ಕ್ರೌನ್ ಕೂಡಿಸುವವರು ಒಬ್ಬರಾದ್ರೂ ಇದ್ದಾರಾ? ಇದ್ದರೆ ಹೇಳಿ. ಸೋಲಾಪುರಕ್ಕೆ ಹೋಗು ಅನ್ನಬೇಡಿ. ಬಿತ್ತನೆ ಕಾಲ ಇದು, ಗಾಡಿ ಕಲ್ಲಿನ ಮೇಲೆ ನಿಂತಿದೆ.

ದೂರು ಕೊಡುತ್ತೇನೆ ಅಂತ ಹೊರಡುವಾಗ ಹೇಳಿದ್ದಕ್ಕೆ ಅವನು "ಕೊಡ್ರಿ, ಮೊದಲ ಆರ್‌ಟಿಓದವರು ನಿಮ್ಮ ಗಾಡೀನೇ ಹಿಡಿತಾರ" ಅಂದ. ಅದು ಸುಳ್ಳಲ್ಲ. ಕಂಪನಿ ಕೊಟ್ಟ ಗಾಡಿಯನ್ನು ಮನಸಿಗೆ ಬಂದಂಗೆ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಒಂದೊಂದು ಬದಲಾವಣೆಗೆ 5,000 ದಂಡ, ಆರು ತಿಂಗಳವರೆಗೆ ಜೈಲು ಕೂಡ ಇದೆ. ನನ್ನ ತಪ್ಪಿಗೆ ನನಗೆ ದಂಡ ಹಾಕಲಿ, ಕಟ್ಟುತ್ತೇನೆ. ಅವನ ತಪ್ಪಿಗೆ ಯಾರು ಕೇಳುತ್ತಾರೆ? ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ ಅಂತಾರೆ. ಆದ್ರೆ ನನ್ನ ಹತ್ತಿರ ಬಿಲ್ ಎಲ್ಲಿದೆ? ಬೀಡಿ ಕಟ್ಟಿನ ಕಾಗದದಷ್ಟು ಒಂದು ಚೀಟಿ. ಅದರ ಮೇಲೆ "ಡಿಫ್ರನ್ಸಲ್ ಪೂರಾ, 24" ಅಂತ ಬರೆದಿದೆ. ಸಹಿಯೂ ಇಲ್ಲ, ಅಂಗಡಿ ಹೆಸರೂ ಇಲ್ಲ.

ಬಿಟ್ಟುಬಿಡೋಣ ಅನ್ನಿಸುತ್ತದೆ. ದುಡ್ಡು ಹೋಯಿತು, ಗುಜರಿಯಿಂದ ಡಿಫರೆನ್ಷಿಯಲ್ ಸಮೇತ ಒಂದು ಪೂರ್ತಿ ಹೌಸಿಂಗ್ ತಂದು ಕೂಡಿಸಿದರಾಯಿತು, ಹಳೇ ಟೈರ್ ಹಾಕಿದರಾಯಿತು. ಅಪ್ಪನೂ ಊಟದ ಹೊತ್ತಿಗೆ ಅದನ್ನೇ ಅಂದರು. "ಹೋಗ್ಲಿ ಬಿಡು ತಮ್ಮಾ, ಸಣ್ಣ ಗಾಲೀನೇ ಹಾಕು." ಅವರೂ ಅವನ ಮಾತನ್ನೇ ನಂಬಿಬಿಟ್ಟಿದ್ದಾರೆ ಅಂತ ಆಗ ಗೊತ್ತಾಯಿತು. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಇಲ್ಲ, ಬಿಡೋಕಾಗಲ್ಲ. ಬೆಳಿಗ್ಗೆ ಆ ಗೋಣಿಚೀಲ ಹೊತ್ತುಕೊಂಡು ಮತ್ತೆ ಅಲ್ಲಿಗೇ ಹೋಗುತ್ತೇನೆ. ಬರಲ್ಲ ಅಂದರೂ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಎರಡನ್ನೂ ಅವನ ಮುಂದೆ ಇಡುತ್ತೇನೆ. 417, 206. ಚಹಾ ಕುಡಿಯುವವರೆಲ್ಲ ಇರುವಾಗಲೇ, ಅಪ್ಪನಿಗೆ ಕೇಳಿಸುವಂಗೆ ಅವನೇ ಓದಲಿ.