ಲೆಕ್ಸಿಂಗ್ಟನ್‌ನ ಹುಲ್ಲು ನೀಲಿ ಬಣ್ಣದ್ದಲ್ಲ

ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಕಡುನೀಲಿ ಹುಲ್ಲು ಬೆಳೆಯುತ್ತದೆ, ಅದನ್ನು ಮೇಯುವುದರಿಂದಲೇ ಅಲ್ಲಿನ ರೇಸ್ ಕುದುರೆಗಳಿಗೆ ವೇಗ ಬರುತ್ತದೆ ಎಂಬ ಸಂದೇಶ ಚಿತ್ರಸಹಿತವಾಗಿ ಆಗಾಗ ಹರಿದಾಡುತ್ತದೆ. ಹುಲ್ಲಿನ ಹೆಸರೇ ‘ಬ್ಲೂಗ್ರಾಸ್’ ಆಗಿರುವಾಗ ನಂಬುವುದು ಸಹಜವೇ. ಆದರೆ ಆ ಹುಲ್ಲು ಹಸಿರು. ಕತ್ತರಿಸದೆ ಎತ್ತರಕ್ಕೆ ಬೆಳೆಯಲು ಬಿಟ್ಟರೆ ವಸಂತದಲ್ಲಿ ಅದರ ತೆನೆಗಳಿಗೆ ತುಸು ನೀಲಿ ಛಾಯೆ ಬರುತ್ತದೆ, ಅಷ್ಟೆ. 2020ರ ಜನಗಣತಿಯಂತೆ ಸುಮಾರು 3.2 ಲಕ್ಷ ಜನರಿರುವ ಈ ನಗರದ ಸುತ್ತ ಕುದುರೆ ಸಾಕಣೆ ಬೇರೂರಲು ಸುಣ್ಣಕಲ್ಲಿನ ನೆಲದ ಫಲವತ್ತತೆಯೂ ಕ್ಯಾಲ್ಸಿಯಂ ಹೆಚ್ಚಿರುವ ನೀರೂ ನೆರವಾದವು. ಓಟದ ವೇಗವಾದರೋ ಬಹುಪಾಲು ವಂಶ ಮತ್ತು ತರಬೇತಿಯ ಫಲ.

ಇಂತಹ ಚಿತ್ರ ಬಂದಾಗ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಅದರ ಮೂಲರೂಪವನ್ನು ಹುಡುಕಬಹುದು, ಅಥವಾ ಗೂಗಲ್ ಮ್ಯಾಪ್ಸ್‌ನ ರಸ್ತೆಬದಿಯ ಚಿತ್ರಗಳಲ್ಲಿ ಅಲ್ಲಿನ ಹುಲ್ಲುಗಾವಲುಗಳನ್ನೇ ನೋಡಬಹುದು. ಹುಲ್ಲಿನೊಂದಿಗೆ ಮರದ ಎಲೆಗಳೂ ನೀಲಿಯಾಗಿದ್ದರೆ, ಬಣ್ಣ ಬದಲಾಯಿಸಿರುವ ಸಾಧ್ಯತೆಯೇ ಹೆಚ್ಚು.