ಬಲಿಪೂಜೆ ಸರಿ, ಬಡ ಮಕ್ಕಳು?

ಕಥೋಲಿಕ ಶಾಲೆಗಳಲ್ಲಿ ವಿಶ್ವಾಸ ಉಳಿಯಬೇಕಾದರೆ ಪ್ರಾರ್ಥನೆ, ಬಲಿಪೂಜೆ (ಚರ್ಚಿನಲ್ಲಿ ಪಾದ್ರಿಗಳು ಅರ್ಪಿಸುವ ಮಾಸ್) ಜಾಸ್ತಿಯಾಗಬೇಕು ಎಂದು ಈಚೆಗೆ ಓದಿದ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ನಮ್ಮ ಮಂಗಳೂರನ್ನೇ ನೋಡಿ. 1870ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಂಘದ ಸಿಸ್ಟರ್‌ಗಳು ಫ್ರಾನ್ಸ್‌ನಿಂದ ಬಂದು ಹೆಣ್ಣುಮಕ್ಕಳಿಗೆ ಕಲಿಸಲು ಶುರು ಮಾಡಿದರು. 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆದರು. ಆಗಿನ ಕಾಲಕ್ಕೆ ಹುಡುಗಿಯರಿಗೆ ಕಾಲೇಜು ಅಂದರೆ ಸಣ್ಣ ಮಾತಲ್ಲ. ಬರೀ ಕ್ರೈಸ್ತ ಮಕ್ಕಳಿಗೆ ಅಂತ ಅದನ್ನು ಕಟ್ಟಿದ್ದೂ ಅಲ್ಲ. ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯೂ ಅಷ್ಟೇ. ಬಡವರು, ಮನೆಯ ಆಸರೆ ಇಲ್ಲದವರು, ಈ ವಿಶ್ವಾಸಕ್ಕೆ ಸೇರದವರು, ಇವರನ್ನು ವಿಶೇಷವಾಗಿ ನೋಡಿಕೊಳ್ಳಿ ಅನ್ನುತ್ತದೆ.

ಈಗ ಏನಾಗಿದೆ? ಬಡ ಮಕ್ಕಳು ಬರುವ ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳು ಸೊರಗುತ್ತಿವೆ. ನಿವೃತ್ತರಾದ ಮೇಷ್ಟ್ರ ಜಾಗಕ್ಕೆ ವರ್ಷಗಟ್ಟಲೆ ಯಾರೂ ಬರುವುದಿಲ್ಲ, ಅದು ಸರಕಾರದ ತಪ್ಪು. ಪೋಷಕರು ಇಂಗ್ಲಿಷೇ ಬೇಕು ಅನ್ನುವುದೂ ನಿಜ. ಆದರೆ ಫೀಸು ಬಾಕಿ ಇರುವ ಮಗುವಿನ ಹೆಸರನ್ನು ಕ್ಲಾಸಿನಲ್ಲಿ ಎಲ್ಲರೆದುರು ಓದುವುದು ಯಾರ ತಪ್ಪು? ಮೊಂತಿ ಹಬ್ಬದ (ಮಾತೆ ಮರಿಯಮ್ಮನ ಜನ್ಮದಿನದ) ನೊವೆನಾದಲ್ಲಿ, ಅಂದರೆ ಒಂಬತ್ತು ದಿನದ ಪ್ರಾರ್ಥನೆಯಲ್ಲಿ, ಮಕ್ಕಳು ಮಾತೆಗೆ ಹೂ ಹಾಕುವುದು ನನಗೂ ತುಂಬಾ ಇಷ್ಟ. ಅದೇ ಮಕ್ಕಳು ಮರುದಿನ ಆಫೀಸಿನ ಎದುರು ತಲೆ ತಗ್ಗಿಸಿ ನಿಲ್ಲಬಾರದು, ಅಲ್ವಾ? ಲೇಖಕರು ಮುಂದಿನ ಸಲ ಇದರ ಬಗ್ಗೆಯೂ ಬರೆಯಲಿ.