ಹಳದಿ ಪಟ್ಟಿ ಬಂತು ಅಂದ್ರೆ ವೈರಸ್ ಬಂತು ಅಂತಲ್ಲ

"ಏನ್ರೀ, ಪೆನ್‌ಡ್ರೈವ್‌ನಲ್ಲಿ ವೈರಸ್ ಹಾಕಿ ಕೊಟ್ಟಿದೀರಲ್ಲ?"

ಬೆಳಗ್ಗೆ ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಬಂದ ಫೋನು. ನಾನು ಡಿಟಿಪಿ ಮಾಡುವವನು. ಸೆಪ್ಟೆಂಬರ್ ಅಂದ್ರೆ ನಮಗೆ ಸಹಕಾರ ಸಂಘಗಳ ಮಹಾಸಭೆ ವರದಿಗಳ ಸುಗ್ಗಿ. ಅಂಥದೊಂದು ಸಂಘದ ಕಾರ್ಯದರ್ಶಿಗಳು ನಾನು ಕೊಟ್ಟ ವರದಿ ತೆರೆದಿದ್ದಾರೆ. ಮೇಲೆ ಹಳದಿ ಪಟ್ಟಿ ಬಂದಿದೆ. ಇದರಲ್ಲಿ ಮ್ಯಾಕ್ರೋ ಇದೆ, ತಡೆದಿದ್ದೇವೆ ಅಂತ ವರ್ಡ್ ಹೇಳಿದೆ. ಪಕ್ಕದಲ್ಲಿದ್ದವರು ಯಾರೋ "ಮ್ಯಾಕ್ರೋ ಅಂದ್ರೆ ವೈರಸ್ಸೇ ಸಾರ್" ಅಂದಿದ್ದಾರೆ. ಅಷ್ಟು ಸಾಕಲ್ವಾ?

ಮ್ಯಾಕ್ರೋ ಅಂದ್ರೆ ವೈರಸ್ ಅಲ್ಲ. ಮತ್ತೆ ಮತ್ತೆ ಮಾಡುವ ಕೆಲಸವನ್ನು ವರ್ಡ್‌ಗೆ ಒಮ್ಮೆ ಕಲಿಸಿಡುವುದು, ಅಷ್ಟೇ. ಆ ಹಳದಿ ಪಟ್ಟಿ ಹೇಳುವುದು "ಇಲ್ಲೊಂದು ಬಾಗಿಲಿದೆ" ಅಂತ. "ಕಳ್ಳ ಬಂದಿದ್ದಾನೆ" ಅಂತ ಅಲ್ಲ.

ಜನ ಹೆದರುವುದು ತಪ್ಪು ಅಂತಾನೂ ನಾನು ಹೇಳಲ್ಲ. 1995ರಲ್ಲಿ ಕಾನ್ಸೆಪ್ಟ್ ಅನ್ನುವ ಮ್ಯಾಕ್ರೋ ವೈರಸ್ ಹರಡಿತು. ಮೈಕ್ರೋಸಾಫ್ಟ್‌ನವರದೇ ಸಿಡಿಯಲ್ಲೂ ಅದು ಸೇರಿಕೊಂಡಿತ್ತು! 1999ರ ಮಾರ್ಚ್‌ನಲ್ಲಿ ಮೆಲಿಸ್ಸಾ ಬಂತು. ಫೈಲ್ ತೆರೆದವರ ಔಟ್‌ಲುಕ್ ವಿಳಾಸ ಪಟ್ಟಿಯಲ್ಲಿ ಮೊದಲ 50 ಜನಕ್ಕೆ ತನ್ನನ್ನು ತಾನೇ ಮೇಲ್ ಮಾಡಿಕೊಳ್ಳುತ್ತಿತ್ತು. ಇವೆರಡರ ನಡುವೆ ಬಂದ ವರ್ಡ್ 97ರ ಸೆಟಿಂಗ್ಸ್‌ನಲ್ಲಿ ಆ ಎಚ್ಚರಿಕೆಯ ಹೆಸರೇ "ಮ್ಯಾಕ್ರೋ ವೈರಸ್ ಪ್ರೊಟೆಕ್ಷನ್". ಎರಡೂ ಪದ ಅಂಟಿಕೊಂಡವು, ಇವತ್ತಿಗೂ ಬಿಟ್ಟಿಲ್ಲ.

ಸರಿ, ನನ್ನ ಫೈಲ್‌ನಲ್ಲಿ ಏನಿತ್ತು? ಮೊದಲು ಆಲ್ಟ್ ಹಿಡಿದು ಎಫ್8 ಒತ್ತಿದೆ. ಮ್ಯಾಕ್ರೋ ಪಟ್ಟಿ ಖಾಲಿ. ಇಲ್ಲಿಗೆ ನಿಲ್ಲಿಸಿದ್ದರೆ "ಏನೂ ಇಲ್ಲ ಸಾರ್, ವರ್ಡ್‌ಗೆ ತಲೆ ಕೆಟ್ಟಿದೆ" ಅಂತ ಹೇಳಿಬಿಡುತ್ತಿದ್ದೆ. ಆದರೆ ಆ ಪಟ್ಟಿ ಎಲ್ಲವನ್ನೂ ತೋರಿಸುವುದಿಲ್ಲ. ಆಲ್ಟ್ ಜೊತೆ ಎಫ್11 ಒತ್ತಿದರೆ ಒಳಮನೆ ಕಾಣುತ್ತದೆ. ಎಡಗಡೆ ಫೈಲ್ ಹೆಸರಿನ ಕೆಳಗೆ 'ದಿಸ್ ಡಾಕ್ಯುಮೆಂಟ್' ಅಂತ ಒಂದು ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಅದರ ಜೊತೆ 'ನ್ಯೂ ಮ್ಯಾಕ್ರೋಸ್' ಅಂತ ಇನ್ನೊಂದು ಡಬ್ಬಿ ಕೂತಿತ್ತು. ತೆರೆದರೆ ಒಳಗೆ ಏನೂ ಇಲ್ಲ.

ಆಗ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಜಮಾ ಖರ್ಚಿನ ಟೇಬಲ್‌ಗಳಿಗೆ ಒಂದೇ ಏಟಿಗೆ ನುಡಿ ಫಾಂಟು, ಅಳತೆ ಹಾಕಲಿಕ್ಕೆ ನಾನೇ ಒಂದು ಮ್ಯಾಕ್ರೋ ರೆಕಾರ್ಡ್ ಮಾಡಿದ್ದೆ. ಆಮೇಲೆ ಅಳಿಸಿದ್ದೆ. ಮ್ಯಾಕ್ರೋ ಹೋಯಿತು, ಡಬ್ಬಿ ಉಳಿಯಿತು. ವರ್ಡ್ ಆ ಖಾಲಿ ಡಬ್ಬಿ ನೋಡಿಯೇ ಕೂಗುತ್ತಿತ್ತು.

ಇಷ್ಟು ವರ್ಷ ಅದು ಬದುಕಿದ್ದು ಹೇಗೆ ಅಂತೀರಾ? ನಾವು ಯಾರೂ ಹೊಸ ಫೈಲ್ ಮಾಡುವುದಿಲ್ಲವಲ್ಲ! ಹೋದ ವರ್ಷದ್ದು ತೆಗೆ, ತಾರೀಕು ಬದಲಿಸು, ಅಧ್ಯಕ್ಷರ ಹೆಸರು ಬದಲಿಸು, 'ಸೇವ್ ಆ್ಯಸ್' ಒತ್ತು. ಆಫೀಸುಗಳಲ್ಲೂ ಇದೇ ಕಥೆ. ಅಕ್ಷರಗಳನ್ನು ಅಳಿಸುತ್ತೇವೆ, ಒಳಗಿನ ಕಸ ಹಾಗೇ ಮರಿಯಿಂದ ಮರಿಗೆ ಇಳಿಯುತ್ತದೆ. ಸುಳ್ಳು ಎಚ್ಚರಿಕೆಗೆ ನಾನು ಕಂಡ ದೊಡ್ಡ ಕಾರಣ ಇದೇ.

ತೆಗೆಯುವುದು ಸುಲಭ. ಡಬ್ಬಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಮೂವ್' ಕೊಡಿ. ಆಮೇಲೆ ಡಾಕ್ಸ್ (ಹೆಸರಿನ ಕೊನೆಗೆ .docx) ಆಗಿ ಸೇವ್ ಮಾಡಿ. ಹಳೇ ಡಾಕ್ ಫೈಲ್‌ನಲ್ಲಿ ಮ್ಯಾಕ್ರೋ ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯಲ್ಲ. 2007ರ ಆಫೀಸ್‌ನಿಂದ ಬಂದ ಡಾಕ್ಸ್‌ನಲ್ಲಿ ಮ್ಯಾಕ್ರೋ ಕೂರುವುದೇ ಇಲ್ಲ. ಅದು ಬೇಕಿದ್ದರೆ ಡಾಕ್‌ಎಂ ಅಂತ ಬೇರೆ ಹೆಸರೇ ಇದೆ.

ಡಾಕ್ಸ್ ಆದರೂ ಒಂದು ಸಲ ಪೇಚಿಗೆ ಬಿದ್ದೆ. ವಕೀಲರೊಬ್ಬರ ಕರಾರು ಪತ್ರ, ತೆರೆಯಲಿಕ್ಕೆ ಅರ್ಧ ನಿಮಿಷ, ಮೇಲೆ ಅದೇ ಹಳದಿ ಪಟ್ಟಿ. ಎಫ್11ರಲ್ಲಿ ಹುಡುಕಿದರೆ ಆ ಪತ್ರದೊಳಗೆ ಏನೂ ಇಲ್ಲ. ಡೆವಲಪರ್ ಟ್ಯಾಬ್‌ನ 'ಡಾಕ್ಯುಮೆಂಟ್ ಟೆಂಪ್ಲೇಟ್' ತೆರೆದಾಗ ಗುಟ್ಟು ಸಿಕ್ಕಿತು. ಫೈಲ್ ಯಾವುದೋ ಸರ್ವರ್‌ನಲ್ಲಿರುವ ಟೆಂಪ್ಲೇಟ್‌ಗೆ, ಅಂದ್ರೆ ಮಾದರಿ ಫೈಲ್‌ಗೆ, ಗಂಟು ಬಿದ್ದಿತ್ತು. ಮ್ಯಾಕ್ರೋ ಇದ್ದದ್ದು ಅದರಲ್ಲಿ. ಆ ಹೆಸರು ತೆಗೆದು 'ನಾರ್ಮಲ್' ಅಂತ ಹಾಕಿದೆ, ಎರಡೂ ತೊಂದರೆ ಹೋದವು. ಅದು ಅವರದೇ ಹಳೇ ಆಫೀಸಿನ ಟೆಂಪ್ಲೇಟ್, ಕೇಳಿ ಖಚಿತ ಮಾಡಿಕೊಂಡೆ. ಗೊತ್ತಿಲ್ಲದವರಿಂದ ಬಂದ ಫೈಲ್ ಹೀಗೆ ಹೊರಗಿನ ವಿಳಾಸ ಹುಡುಕಿಕೊಂಡು ಹೋಗುತ್ತಿದ್ದರೆ ಅದು ಕಸ ಅಲ್ಲ, ಗಾಳ. ಕಳ್ಳರೂ ಇದೇ ದಾರಿ ಬಳಸುತ್ತಾರೆ.

ನನ್ನ ಸಿಟ್ಟು ಇರುವುದು ಇನ್ನೊಂದು ಕಡೆ. "ಪಟ್ಟಿ ಬರಬಾರದಾ? ಸೆಟಿಂಗ್ಸ್‌ಗೆ ಹೋಗಿ ಎಲ್ಲಾ ಮ್ಯಾಕ್ರೋ ಎನೇಬಲ್ ಮಾಡಿ" ಅಂತ ಸಲಹೆ ಕೊಡುವವರ ಮೇಲೆ. ನಾಯಿ ಬೊಗಳುತ್ತೆ ಅಂತ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ ಇದು. ಮೇಲ್‌ನಲ್ಲಿ ಬಂದ ಫೈಲ್‌ಗೆ ಕೆಂಪು ಪಟ್ಟಿ ಬಂದರಂತೂ ಪ್ರಾಪರ್ಟೀಸ್‌ಗೆ ಹೋಗಿ 'ಅನ್‌ಬ್ಲಾಕ್' ಟಿಕ್ ಮಾಡುವ ಆತುರ ಬೇಡ. ಇಂಟರ್ನೆಟ್‌ನಿಂದ ಬಂದ ಫೈಲ್‌ಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿರುವುದು ಸುಮ್ನೆ ಅಲ್ಲ. ಎಫ್11ರಲ್ಲಿ 'ಆಟೋಓಪನ್', 'ಡಾಕ್ಯುಮೆಂಟ್ ಓಪನ್' ಅನ್ನುವ ಹೆಸರು ಕಂಡರೆ ಅದು ಫೈಲ್ ತೆರೆದ ಕೂಡಲೇ ಓಡುವ ಜಾತಿ. ಅಂಥದ್ದನ್ನೂ, ಪಾಸ್‌ವರ್ಡ್ ಹಾಕಿ ಒಳಗೆ ನೋಡಲು ಬಿಡದ ಫೈಲನ್ನೂ ನಾನು ಮುಟ್ಟುವುದಿಲ್ಲ. ಕಳಿಸಿದವರಿಗೆ ಒಂದು ಫೋನ್ ಹಾಕುತ್ತೇನೆ.

ವರ್ಡ್ ಮಾಡಿದವರ ಮೇಲೂ ದೂರಿದೆ. ಖಾಲಿ ಡಬ್ಬಿಗೂ ತಾನೇ ಓಡುವ ಮ್ಯಾಕ್ರೋಗೂ ಒಂದೇ ಹಳದಿ ಬಣ್ಣ ಯಾಕೆ? "ಒಳಗೆ ಏನೂ ಇಲ್ಲ, ತೆಗೆದುಬಿಡಲಾ?" ಅಂತ ಕೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಕಾರ್ಯದರ್ಶಿಗಳ ಫೈಲ್ ಅವತ್ತೇ ಸರಿಮಾಡಿ ಕೊಟ್ಟೆ. ಅದೇ ತಾಯಿ ಫೈಲ್‌ನಿಂದ ಹುಟ್ಟಿದ ಇನ್ನೂ 4 ಸಂಘಗಳ ವರದಿಗಳಲ್ಲಿ ಅದೇ ಡಬ್ಬಿ ಸಿಕ್ಕಿತು, ಅದನ್ನೂ ತೆಗೆದೆ. ಪ್ರಶ್ನೆಪತ್ರಿಕೆಗಳ ಫೋಲ್ಡರ್ ಇನ್ನೂ ತೆರೆದಿಲ್ಲ.